ಜೋಳದ ರಾಶಿ ಮತ್ತು ಸುಖದ ಲೆಕ್ಕ

ಅರ್ಥಶಾಸ್ತ್ರವೆಂದೊಡನೆ ನಮಗೆ ನೆನಪಾಗುವುದು ಹಣ, ಬೆಲೆ, ಲಾಭ-ನಷ್ಟ. ಆದರೆ ಆ ಶಾಸ್ತ್ರಕ್ಕೆ ಸುಖದ ವಿಚಾರ ಪರಕೀಯವೇನಲ್ಲ. ಶಾಸನದ ಗುರಿ ಬಹುಜನರ ಸುಖವಾಗಿರಬೇಕೆಂದು ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 18ನೆಯ ಶತಮಾನದಲ್ಲಿಯೇ ವಾದಿಸಿದ್ದನು. ಸುಖವನ್ನು ಅಳೆಯುವುದು ಕಷ್ಟವಾದುದರಿಂದ ಮುಂದಿನವರು ವರಮಾನವನ್ನು ಅಳೆಯತೊಡಗಿದರು. ರಾಷ್ಟ್ರೀಯ ವರಮಾನದ ಲೆಕ್ಕವನ್ನು ರೂಪಿಸಿದವರಲ್ಲಿ ಪ್ರಮುಖನಾದ ಸೈಮನ್ ಕುಜ್ನೆಟ್ಸ್, ಆ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲಾಗದೆಂದು 1934ರಲ್ಲಿ ತಾನೇ ಎಚ್ಚರಿಸಿದನು. ಆದಾಯ ಏರಿದಂತೆಲ್ಲ ಸಂತೋಷ ಏರುವುದಿಲ್ಲವೆಂದು ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಹೇಳಿದ ಮಾತಿನ ಮೇಲೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ಪಂಡಿತರು ಹಾಗಿರಲಿ. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ನಮ್ಮ ಜಹೀರಾಬಾದಿನ ಕಡೆಗೆ ನೋಡೋಣ. ಇಲ್ಲಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ನಿಧನರಾದರು. ಈ ಸಂಸ್ಥೆಯ ಆಶ್ರಯದಲ್ಲಿ ಬಹುಪಾಲು ದಲಿತ ಮಹಿಳೆಯರೇ ಇದ್ದ ಸಂಘಗಳು 1990ರ ದಶಕದಲ್ಲಿ ಬೀಳುಬಿದ್ದ ಹೊಲಗಳನ್ನು ಮತ್ತೆ ಉಳುಮೆಗೆ ತಂದವು. ಸಾಲ ಪಡೆದ ರೈತರು ಮರಳಿಸಬೇಕಾದದ್ದು ಹಣವನ್ನಲ್ಲ, ಜೋಳವನ್ನು. ಆ ಜೋಳ ಊರಲ್ಲಿಯೇ ಸಂಗ್ರಹಗೊಂಡು, ಕೂಲಿ ಸಿಗದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಬಡವರ ಮನೆ ಸೇರುತ್ತಿತ್ತು. ಯಾರು ಬಡವರೆಂಬುದನ್ನು ಊರವರೇ ಕೂಡಿ ಕುಳಿತು ಗುರುತಿಸಿದರು. (ಕಚೇರಿಯ ಪಟ್ಟಿಗಿಂತ ಊರಿನ ನೆನಪೇ ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ಅಭಿಪ್ರಾಯ.) ಸಂಸ್ಥೆಗೆ 2019ರಲ್ಲಿ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಜೋಳದ ಬೆಲೆಯನ್ನು ಅಂಕಿಅಂಶದವರು ಬರೆದುಕೊಳ್ಳಬಲ್ಲರು. ನಾಳೆ ಸಾಹುಕಾರನ ಬಾಗಿಲಿಗೆ ಹೋಗಬೇಕಿಲ್ಲವೆಂಬ ನೆಮ್ಮದಿಯನ್ನು ಯಾವ ಕಾಲಮಿನಲ್ಲಿ ಬರೆಯುವುದು?

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಹೆಸರೇನೋ ದೊಡ್ಡದಾಯಿತು. ಆ ಹೆಸರಿನ ಬೆಲೆ ಬೆಳೆದವನ ಕೈಗೆ ಎಷ್ಟು ಸೇರುತ್ತದೆಂಬುದೇ ನೋಡಬೇಕಾದ ಸಂಗತಿ.

ಹಾಗೆಂದು ಸುಖವೊಂದನ್ನೇ ಅಳತೆಗೋಲಾಗಿ ಹಿಡಿಯಲು ನಾನು ಒಪ್ಪಲಾರೆ. ಬಹುಕಾಲ ಕೊರತೆಯಲ್ಲಿ ಬದುಕಿದವರು ತಮ್ಮ ಆಸೆಗಳನ್ನೇ ಕಿರಿದು ಮಾಡಿಕೊಳ್ಳುತ್ತಾರೆಂಬ ಅಮರ್ತ್ಯ ಸೇನ್ ಅವರ ವಿಚಾರ ಇಲ್ಲಿ ಮುಖ್ಯವಾದುದು. ನಾರಾಯಣಖೇಡದ ತಾಂಡಾಗಳಿಂದ ಕಬ್ಬು ಕಡಿಯಲು ಊರು ಬಿಟ್ಟು ಹೊರಡುವ ಕುಟುಂಬವನ್ನು ಹೇಗಿದ್ದೀರೆಂದು ಕೇಳಿದರೆ, "ಚಲೋ ಇದ್ದೇವ್ರಿ" ಎಂಬ ಉತ್ತರವೇ ಬರಬಹುದು. ಅದು ಸುಳ್ಳೂ ಅಲ್ಲ. ಆದರೆ ಗಾಡಿಯಲ್ಲಿ ಜೊತೆಗೆ ಕುಳಿತ ಮಗು ಶಾಲೆ ತಪ್ಪಿಸಿಕೊಳ್ಳುವ ತಿಂಗಳುಗಳು ಆ ಉತ್ತರದಲ್ಲಿ ಇರುವುದಿಲ್ಲ.