ಔಷಧಿಗೆ ಮೊದಲು ಬೆಚ್ಚಗಿಡಿ

ರಾಯಲ್ಪಾಡು ಕಡೆ ಜಗಲಿಯಲ್ಲಿ ಪಂಜರ ತೂಗುಹಾಕಿ ಜೀಬ್ರಾ ಫಿಂಚ್ ಸಾಕುವವರೇ, ಒಂದು ಮಾತು. ಗೂಡಿನಲ್ಲಿ ಮರಿ ಸತ್ತ ಕೂಡಲೇ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ಎಲ್ಲ ಹಕ್ಕಿಗಳ ನೀರಿಗೂ ಬೆರೆಸಬೇಡಿ. ಹನ್ನೆರಡು ಗ್ರಾಂ ತೂಗುವ ಜೀವಕ್ಕೆ ಎಷ್ಟು ಔಷಧಿ ಎಂಬುದು ಊಹೆಗೆ ಸಿಗುವ ಲೆಕ್ಕವಲ್ಲ. ನೀರು ಕಹಿಯಾದರೆ ಕುಡಿಯುವುದನ್ನೇ ಬಿಟ್ಟಾವು. ಕಾಯಿಲೆಗೆ ಕಾರಣ ಉಸಿರುನಾಳದ ನುಸಿಯಾಗಿದ್ದರೆ ಅದಕ್ಕೆ ಆ ಕ್ಯಾಪ್ಸೂಲು ನಾಟುವುದೂ ಇಲ್ಲ.

ಪುಕ್ಕ ಉಬ್ಬಿಸಿ ಹಗಲಲ್ಲೇ ತೂಕಡಿಸುವ, ಬಾಲ ಕುಣಿಸುತ್ತ ಉಸಿರಾಡುವ ಹಕ್ಕಿಯನ್ನು ಮೊದಲು ಬೇರೆ ಮಾಡಿ. 30 ಡಿಗ್ರಿಯಷ್ಟು ಬೆಚ್ಚಗಿಡಿ. ಹಿಕ್ಕೆಯನ್ನು ಕಾಗದದಲ್ಲಿ ಹಿಡಿದು ಪಶುವೈದ್ಯರಿಗೆ ತೋರಿಸಿ. ಗೂಡಿನಲ್ಲಿ ಉಳಿದ ಜೊತೆಗಾರ ಹಕ್ಕಿ ಮರಿಗಳಿಗೆ ಗುಟುಕು ಕೊಡುತ್ತಿದೆಯೇ ಎಂದು ಸಂಜೆ ಗಮನಿಸಿ. ಮರಿಯ ಕತ್ತಿನ ತೆಳುಚರ್ಮದಡಿ ಕಾಳು ಕಂಡರೆ ಅದು ತಿಂದಿದೆ. ಖಾಲಿಯಿದ್ದರೆ, ಪಾಪ, ಅದಕ್ಕೆ ರೋಗಕ್ಕಿಂತ ಹಸಿವೇ ಇರಬಹುದು.

ಹಕ್ಕಿಗಳಿಗೆ ತಿನ್ನಲು ಇಟ್ಟ ಬೇಯಿಸಿದ ಮೊಟ್ಟೆ ನಮ್ಮ ಬೇಸಿಗೆಯಲ್ಲಿ ಬೇಗ ಹಳಸುತ್ತದೆ, ಎರಡು ಗಂಟೆಯೊಳಗೆ ತೆಗೆದುಬಿಡಿ. ಶ್ರೀನಿವಾಸಪುರದ ಮಾವು ಹೂಬಿಟ್ಟು ತೋಟಗಳಿಗೆ ಔಷಧಿ ಹೊಡೆಯುವ ದಿನ ಪಂಜರ ಮನೆಯೊಳಗಿರಲಿ. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬೇಡಿ, ಹೆಣ್ಣು ಸೊರಗುತ್ತದೆ. ನಡುವೆ ಗೂಡಿನ ಡಬ್ಬಿ ತೆಗೆದಿಡಿ. ಸಂತೆಯಿಂದ ತಂದ ಹೊಸ ಹಕ್ಕಿ 30 ದಿನ ಬೇರೆ ಕೋಣೆಯಲ್ಲೇ ಇರಲಿ.