ಅಡಗಿ ಕಾಡುವ ದೋಷ: ಮೋಟಾರು ಕಾರಿನ ಬ್ಯಾಟರಿ ಏಕೆ ತುಂಬದು?

ಅಥಣಿ ತಾಲ್ಲೂಕಿನ ಐಗಳಿಯಿಂದ ರಾತ್ರಿಯ ಹೊತ್ತು ಹೊರಟ ಒಂದು ಮೋಟಾರು ಕಾರನ್ನು ಊಹಿಸಿಕೊಳ್ಳೋಣ. ಸ್ವಲ್ಪ ದೂರ ಸಾಗಿದ ಮೇಲೆ, ಚಾಲಕನ ಎದುರಿನ ಫಲಕದಲ್ಲಿ ಬ್ಯಾಟರಿಯ ಗುರುತುಳ್ಳ ಕೆಂಪು ದೀಪವು ಮಂದವಾಗಿ ಹೊತ್ತಿಕೊಳ್ಳುತ್ತದೆ. ಮುಂಭಾಗದ ದೀಪಗಳು ಕಳೆಗುಂದುತ್ತವೆ. ಮರುದಿನ ಗ್ಯಾರೇಜಿನಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ! ಹೊಸ ಬ್ಯಾಟರಿಯನ್ನು ಹಾಕಿಸಿದರೂ ವಾರ ಕಳೆಯುವುದರೊಳಗೆ ಮತ್ತೆ ಅದೇ ತೊಂದರೆ. ಈ ದೋಷವು ಎಲ್ಲಿ ಅಡಗಿದೆ? ಅದನ್ನು ಹಿಡಿಯುವ ಬಗೆ ಹೇಗೆ? ಇದನ್ನು ವಿಚಾರಮಾಡೋಣ.

ಬ್ಯಾಟರಿಯು ವಿದ್ಯುಚ್ಛಕ್ತಿಯ ಕಣಜವಿದ್ದಂತೆ. ಸಾಮಾನ್ಯವಾದ ಸೀಸದ ಬ್ಯಾಟರಿಯಲ್ಲಿ 6 ಕೋಶಗಳಿರುತ್ತವೆ. ಒಂದೊಂದರ ವಿದ್ಯುತ್ ಒತ್ತಡವು ಸುಮಾರು 2.1 ವೋಲ್ಟ್, ಆದುದರಿಂದ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ನಡೆಯುತ್ತಿರುವಾಗ ಈ ಕಣಜವನ್ನು ತುಂಬುವ ಕೆಲಸವು ಆಲ್ಟರ್ನೇಟರಿನದು. ಎಂಜಿನ್ನಿಗೆ ಹಾಕಿದ ಬೆಲ್ಟು ಅದರೊಳಗಿನ ವಿದ್ಯುತ್ಕಾಂತವನ್ನು ತಿರುಗಿಸುತ್ತದೆ. ಆಗ, 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ತತ್ತ್ವಕ್ಕನುಸಾರವಾಗಿ, ಸುತ್ತಲಿನ ತಂತಿಯ ಸುರುಳಿಗಳಲ್ಲಿ ಪರ್ಯಾಯ ಪ್ರವಾಹವು ಹುಟ್ಟುತ್ತದೆ. ಸಿಲಿಕಾನ್ ಡಯೋಡುಗಳು ಅದನ್ನು ಏಕಮುಖ ಪ್ರವಾಹವನ್ನಾಗಿ ಮಾರ್ಪಡಿಸುತ್ತವೆ. ನಿಯಂತ್ರಕವೆಂಬ ಭಾಗವು ಒತ್ತಡವನ್ನು ಸಾಮಾನ್ಯವಾಗಿ 13.8ರಿಂದ 14.5 ವೋಲ್ಟುಗಳ ಮಿತಿಯಲ್ಲಿರಿಸುತ್ತದೆ. ಎತ್ತರದ ಕೆರೆಯಿಂದ ತಗ್ಗಿನ ಗದ್ದೆಗೆ ನೀರು ಹರಿಯುವಂತೆ, ಈ ಹೆಚ್ಚಿನ ಒತ್ತಡದಿಂದಲೇ ಬ್ಯಾಟರಿಗೆ ವಿದ್ಯುತ್ತು ಹರಿಯುತ್ತದೆ.

ಈ ಪೂರೈಕೆಯು ನಿಂತರೆ ಏನಾಗುವುದು? 55 ವಾಟಿನ ಎರಡು ದೀಪಗಳಿಗೇ ಸುಮಾರು 9 ಆಂಪೇರ್ ಬೇಕು. ಎಂಜಿನ್ನಿನ ಮತ್ತು ಉಳಿದ ಉಪಕರಣಗಳ ಅಗತ್ಯವೂ ಸೇರಿ 20 ಆಂಪೇರ್ ಆಯಿತೆನ್ನೋಣ. 40 ಆಂಪೇರ್-ಗಂಟೆಯ ಬ್ಯಾಟರಿಯು ಲೆಕ್ಕಕ್ಕೆ ಎರಡು ಗಂಟೆ ಬಾಳಬೇಕು; ವಾಸ್ತವದಲ್ಲಿ ಅದಕ್ಕೆ ಮುಂಚೆಯೇ ಕೈಕೊಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಈ ಸೀಮೆಯ ರಸ್ತೆಗಳಲ್ಲಿ ರಾತ್ರಿಯೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಂಚಾರವುಂಟು. ಅಂತಹ ದಾರಿಯಲ್ಲಿ ದೀಪವಾರಿ ನಿಂತ ವಾಹನವು ತನ್ನವರಿಗೂ ಪರರಿಗೂ ಪ್ರಾಣಾಪಾಯವನ್ನು ತರಬಲ್ಲುದು.

ಇನ್ನು, ದೋಷವು ಗ್ಯಾರೇಜಿನಲ್ಲಿ ಏಕೆ ಕಾಣಿಸಲಿಲ್ಲ? ಉತ್ತರವು 1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮದಲ್ಲಿದೆ. ತಂತಿಯ ಒಂದು ಕೂಡಿಕೆಯು ಸಡಿಲವಾಗಿಯೋ ಕಿಲುಬು ಹಿಡಿದೋ 0.1 ಓಮ್ ರೋಧವನ್ನು ಒಡ್ಡುತ್ತಿದೆಯೆಂದು ಭಾವಿಸೋಣ. ಅದರಲ್ಲಿ 1 ಆಂಪೇರ್ ಹರಿದರೆ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಅದನ್ನು ಯಾರೂ ಗಮನಿಸರು. ಆದರೆ 20 ಆಂಪೇರ್ ಹರಿಯಬೇಕಾದಾಗ ನಷ್ಟವು 2 ವೋಲ್ಟ್! ಆಲ್ಟರ್ನೇಟರಿನಲ್ಲಿ 14.2 ವೋಲ್ಟ್ ಇದ್ದರೂ ಆಚೆಗೆ ಮುಟ್ಟುವುದು 12.2 ಮಾತ್ರ, ಅದರಿಂದ ಬ್ಯಾಟರಿಯು ತುಂಬಲಾರದು. ಮೇಲಾಗಿ ಆ ಚಿಕ್ಕ ಕೂಡಿಕೆಯಲ್ಲಿ 40 ವಾಟಿನಷ್ಟು ಶಕ್ತಿಯು ಶಾಖವಾಗಿ ಹೊಮ್ಮುತ್ತದೆ. ಶಾಖದಿಂದ ಕೂಡಿಕೆಯು ಇನ್ನಷ್ಟು ಕೆಡುತ್ತದೆ. ತಣ್ಣಗಾದೊಡನೆ ಮತ್ತೆ ಸರಿಯಿರುವಂತೆ ತೋರುತ್ತದೆ. ಹೊರೆಯಿಲ್ಲದೆ, ತಣ್ಣಗಿರುವಾಗ ಪರೀಕ್ಷಿಸಿದವರಿಗೆ ಅದು ಕಾಣದಿರುವುದು ಸಹಜವೇ ಸರಿ.

ಆದುದರಿಂದ ಮೊದಲ ಕೆಲಸವು ಬಿಡಿಭಾಗಗಳನ್ನು ಬದಲಾಯಿಸುವುದಲ್ಲ, ಸಂದರ್ಭವನ್ನು ಗುರುತುಹಾಕಿಕೊಳ್ಳುವುದು. ದೋಷವು ಎಂಜಿನ್ ಬಿಸಿಯಾದಾಗ ಕಾಣುವುದೋ, ದೀಪ ಹಾಕಿದಾಗಲೋ, ರಸ್ತೆಯ ಕುಲುಕಾಟದಲ್ಲೋ, ಮಳೆಯಲ್ಲೋ? ಅದೇ ಸಂದರ್ಭವನ್ನು ಮತ್ತೆ ಕಲ್ಪಿಸಿ ಅಳೆಯಬೇಕು. ಎಂಜಿನ್ನನ್ನು ಚೆನ್ನಾಗಿ ಬಿಸಿಮಾಡಿ, ದೀಪಗಳನ್ನೂ ಫ್ಯಾನನ್ನೂ ಹಾಕಿ, ವೇಗವನ್ನು ತುಸು ಹೆಚ್ಚಿಸಿ, ವೋಲ್ಟ್ ಮಾಪಕದಿಂದ ಎರಡು ಕಡೆ ಅಳೆಯೋಣ: ಬ್ಯಾಟರಿಯ ಎರಡು ತುದಿಗಳ ನಡುವೆ ಒಮ್ಮೆ, ಆಲ್ಟರ್ನೇಟರಿನ ಧನ ತುದಿಗೂ ಅದರ ಲೋಹದ ಮೈಗೂ ನಡುವೆ ಒಮ್ಮೆ.

ಎರಡನೆಯದು ಸರಿಯಾಗಿದ್ದು ಮೊದಲನೆಯದು ಕಡಿಮೆಯಿದ್ದರೆ ದೋಷವು ದಾರಿಯಲ್ಲಿದೆ. ಆಗ ಮಾಪಕದ ಒಂದು ತಂತಿಯನ್ನು ಆಲ್ಟರ್ನೇಟರಿನ ಧನ ತುದಿಗೂ ಇನ್ನೊಂದನ್ನು ಬ್ಯಾಟರಿಯ ಧನ ತುದಿಗೂ ಮುಟ್ಟಿಸಬೇಕು. ಅನಂತರ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಋಣ ತುದಿಗೂ ಮುಟ್ಟಿಸಬೇಕು. ಯಾವ ಕಡೆ ಸುಮಾರು 0.3 ವೋಲ್ಟಿಗಿಂತ ಹೆಚ್ಚು ಕಾಣುವುದೋ ಆ ಕಡೆಯ ತಂತಿ, ಕೂಡಿಕೆಗಳನ್ನು ಬಿಚ್ಚಿ ನೋಡಬೇಕು. ಇಂಥ ದೋಷಕ್ಕೆ ಕೆಲವೊಮ್ಮೆ ಮರಳುಕಾಗದವೂ ಸ್ಪ್ಯಾನರೂ ಸಾಕಾಗುತ್ತವೆ.

ಎರಡು ಅಳತೆಗಳೂ ಕಡಿಮೆಯಿದ್ದರೆ, ಜಾರುವ ಬೆಲ್ಟು, ಸವೆದ ಇಂಗಾಲದ ಬ್ರಷ್ಷುಗಳು, ಕೆಟ್ಟ ನಿಯಂತ್ರಕ ಅಥವಾ ಡಯೋಡು, ಬಿಸಿಯಾದಾಗ ಬಿರುಕು ಬಾಯ್ಬಿಡುವ ಸುರುಳಿ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಕೆಲವು ಎಚ್ಚರಿಕೆಗಳು ಅವಶ್ಯ. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಬಾರದು. ಒತ್ತಡವು ತಟ್ಟನೆ ಏರಿ ಡಯೋಡುಗಳು ಸುಟ್ಟುಹೋಗಬಹುದು. ತಿರುಗುವ ಬೆಲ್ಟಿನ ಹತ್ತಿರ ಕೈಯನ್ನೂ ಬಟ್ಟೆಯನ್ನೂ ಒಯ್ಯಬಾರದು. ಇತ್ತೀಚಿನ ಕೆಲವು ಕಾರುಗಳಲ್ಲಿ ಇಂಧನವನ್ನುಳಿಸಲು ಗಣಕವೇ ಒತ್ತಡವನ್ನು ಏರಿಳಿಸುವುದರಿಂದ, ತಯಾರಕರ ಕೈಪಿಡಿಯನ್ನು ನೋಡದೆ ಆ ಏರಿಳಿತವನ್ನೇ ದೋಷವೆಂದು ಎಣಿಸಬಾರದು.

ಜ್ವರ ಬಂದುಹೋಗುವ ರೋಗಿಯನ್ನು ಜ್ವರವಿರುವಾಗಲೇ ನೋಡಬೇಕೆಂದು ವೈದ್ಯನು ಬಯಸುತ್ತಾನೆ. ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ದೋಷವಿರುವ ಹೊತ್ತಿನಲ್ಲಿ ಪಡೆದ ಒಂದು ಅಳತೆಯು, ದೋಷವಿಲ್ಲದ ಹೊತ್ತಿನಲ್ಲಿ ಮಾಡಿದ ಹತ್ತು ಊಹೆಗಳಿಗಿಂತ ಮೇಲು.