ಗುಡಿಸೋ ಮುಂಚೆ ಒಂದು ಸಲ ನೋಡಿ: ಸನ್‌ರೂಫ್ ಗಾಜು ಒಡೆದ ಮೇಲೆ

ಕಾಮಾಕ್ಷಿಪಾಳ್ಯದಲ್ಲಿ ನನ್ನ ಸೋದರಮಾವನದ್ದು ಒಂದು ಸಣ್ಣ ಶೆಡ್ ಇದೆ. ಎರಡು ಪವರ್ ಪ್ರೆಸ್, ಒಂದು ಲೇತ್, ಒಂದು ಸರ್ಫೇಸ್ ಗ್ರೈಂಡರ್, ಅಷ್ಟೇ. ಮಾಗಡಿ ರೋಡಿಂದ ಒಳಗೆ ತಿರುಗಿದರೆ ಇಂಥ ಶೆಡ್‌ಗಳು ಸಾಲುಸಾಲಾಗಿ ಸಿಗುತ್ತವೆ. ಒಂದರಲ್ಲಿ ಪ್ಲೇಟಿಂಗ್, ಪಕ್ಕದಲ್ಲಿ ಪೌಡರ್ ಕೋಟಿಂಗ್, ಎದುರಿಗೆ ಡೈ ಮಾಡೋರು. ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಊಟದ ಹೊತ್ತಿಗೆ ಹೊರಗೆ ‘ಢಂ’ ಅಂತ ಸದ್ದಾಯ್ತು. ಕಂಪ್ರೆಸರ್ ಟ್ಯಾಂಕ್ ಸಿಡೀತು ಅಂದುಕೊಂಡು ಎಲ್ಲರೂ ಓಡಿದರು. ಟ್ಯಾಂಕ್ ಸರಿಯಾಗೇ ಇತ್ತು. ಬಿಸಿಲಲ್ಲಿ ನಿಲ್ಲಿಸಿದ್ದ ಮಾವನ ಕಾರಿನ ಪನೋರಮಿಕ್ ಸನ್‌ರೂಫ್‌ನ ಮುಂದಿನ ಗಾಜು ಪುಡಿಯಾಗಿತ್ತು. ಸುತ್ತ ಯಾರೂ ಇಲ್ಲ. ಕಲ್ಲಿಲ್ಲ, ತೆಂಗಿನಕಾಯಿ ಇಲ್ಲ, ಕ್ರಿಕೆಟ್ ಬಾಲೂ ಇಲ್ಲ.

“ಇಂಜಿನಿಯರಿಂಗ್ ಓದ್ತಿದೀಯಲ್ಲೋ ಅಳಿಯ, ಹೇಳು ನೋಡೋಣ. ಸುಮ್ಮನೆ ನಿಂತಿದ್ದ ಗಾಜು ಹೇಗೋ ಒಡೆಯುತ್ತೆ?” ಅಂತ ಮಾವ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲಿನ ಮೂರು ವಾರದಲ್ಲಿ ಗಾಜಿನ ಬಗ್ಗೆ ಕಲಿತಿದ್ದನ್ನ, ಅದನ್ನ ಬದಲಾಯಿಸೋವಾಗ ಆದ ಎಡವಟ್ಟನ್ನ ಇಲ್ಲಿ ಬರೆದಿದ್ದೀನಿ. ನಮ್ಮಲ್ಲಿ ಹೆಕ್ಟರ್ 2019ರಲ್ಲಿ, ಕ್ರೆಟಾ ಮತ್ತು ಹ್ಯಾರಿಯರ್ 2020ರಲ್ಲಿ, ಮಾರುತಿಯ ಗ್ರ್ಯಾಂಡ್ ವಿಟಾರಾ 2022ರಲ್ಲಿ ಪನೋರಮಿಕ್ ಛಾವಣಿ ಹೊತ್ತು ಬಂದವು. ಆ ಕಾರುಗಳೆಲ್ಲ ಈಗ ಹಳೆಯದಾಗ್ತಾ ಇವೆ. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬರಬಹುದು.

ಮೊದಲು ಗಾಜಿನ ಜಾತಿ ತಿಳ್ಕೋಬೇಕು. ವಿಂಡ್‌ಶೀಲ್ಡ್ ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿಮೀ. ಕಲ್ಲು ಬಿದ್ದರೆ ಬಲೆ ಥರ ಬಿರುಕು ಬಿಡುತ್ತೆ, ಆದರೆ ಜಾಗ ಬಿಡಲ್ಲ. ಸಣ್ಣ ಚಿಪ್ ಆದರೆ ರೆಸಿನ್ ತುಂಬಿ ಕಾಲ ತಳ್ಳಬಹುದು. ಬಹಳಷ್ಟು ಸನ್‌ರೂಫ್‌ಗಳು ಹಾಗಲ್ಲ, ಅವು ಟಫನ್ಡ್. ಅದಕ್ಕೆ ರಿಪೇರಿ ಅನ್ನೋದೇ ಇಲ್ಲ. ಇಡೀ ಗಾಜು ಇರುತ್ತೆ, ಇಲ್ಲಾಂದ್ರೆ ಒಂದು ಬಕೆಟ್ ಹರಳು ಇರುತ್ತೆ.

ಗಾಜನ್ನ 620 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಣ್ಣಗೆ ಮಾಡ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತೆ. ಒಳಭಾಗ ಆಮೇಲೆ ತಣ್ಣಗಾಗಿ ಕುಗ್ಗೋಕೆ ಹೋದಾಗ ಆಗಲೇ ಗಟ್ಟಿಯಾದ ಮೇಲ್ಮೈ ಬಿಡಲ್ಲ. ಕೊನೆಗೆ ಮೇಲ್ಮೈ ಕಂಪ್ರೆಷನ್‌ನಲ್ಲಿ, ನಡುಭಾಗ ಟೆನ್ಷನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ದಪ್ಪದುದ್ದಕ್ಕೂ ಈ ಸ್ಟ್ರೆಸ್ ಪ್ಯಾರಾಬೋಲಾ ಆಕಾರದಲ್ಲಿದೆ ಅಂತ ಇಟ್ಟುಕೊಳ್ಳಿ. ಹೊರಗಿಂದ ಬಲ ಯಾವುದೂ ಇಲ್ಲ, ಹಾಗಾಗಿ ಇಂಟಿಗ್ರಲ್ ಸೊನ್ನೆಯಾಗಬೇಕು. ಎರಡು ಸಾಲಿನ ಲೆಕ್ಕ, ಮಾಡಿ ನೋಡಿ: ನಡುವಿನ ಟೆನ್ಷನ್ ಮೇಲ್ಮೈ ಕಂಪ್ರೆಷನ್ನಿನ ಸರಿಯಾಗಿ ಅರ್ಧ ಬರುತ್ತೆ, ಸ್ಟ್ರೆಸ್ ಸೊನ್ನೆಯಾಗೋ ಜಾಗ ಮೇಲ್ಮೈಯಿಂದ ದಪ್ಪದ 21% ಒಳಗೆ ಸಿಗುತ್ತೆ. 4 ಮಿಮೀ ಗಾಜಿಗೆ ಅದು 0.84 ಮಿಮೀ. ಅಂದ್ರೆ ಆ ಮುಕ್ಕಾಲು ಮಿಲಿಮೀಟರ್ ಚಿಲ್ಲರೆ ಚರ್ಮ ಇರೋ ತನಕ ಗಾಜು ಗಟ್ಟಿ. ಬಿರುಕಿನ ತುದಿ ಅದನ್ನ ದಾಟಿ ಟೆನ್ಷನ್ ವಲಯ ಮುಟ್ಟಿದರೆ ಒಳಗೆ ಕೂಡಿಟ್ಟ ಶಕ್ತಿಯೇ ಅದನ್ನ ಎಳೆದುಕೊಂಡು ಹೋಗುತ್ತೆ. ಗಾಜಿನಲ್ಲಿ ಬಿರುಕು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಓಡುತ್ತೆ. ಒಂದು ಮೀಟರ್ ಗಾಜು ಮುಗಿಯೋಕೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಅದೇ ಆ ‘ಢಂ’.

ಇದನ್ನ ಮಾವನಿಗೆ ಹೇಳ್ತಾ ಇದ್ದೆ. ಅವರು ಮಧ್ಯದಲ್ಲೇ ತಡೆದು, “ಅಯ್ಯೋ, ಇದು ನಮ್ಮ ಡೈ ಕ್ರ್ಯಾಕ್ ಆದ ಹಾಗೆ” ಅಂದರು. ಟೂಲ್ ರೂಮಿನಲ್ಲಿ ಕೆಲಸ ಮಾಡಿದೋರಿಗೆಲ್ಲ ಈ ಅನುಭವ ಇದೆ. ಡೈ ಸ್ಟೀಲನ್ನ ಹಾರ್ಡನ್ ಮಾಡಿ, ಟೆಂಪರ್ ಮಾಡದೆ ರಾತ್ರಿ ಹಾಗೇ ಬಿಟ್ಟು ಹೋದರೆ, ಬೆಳಿಗ್ಗೆ ಬರೋ ಹೊತ್ತಿಗೆ ಯಾರೂ ಮುಟ್ಟದ ಡೈ ಎರಡು ಹೋಳಾಗಿರುತ್ತೆ. ಉಳಿದಿದ್ದ ಆಸ್ಟೆನೈಟ್ ನಿಧಾನವಾಗಿ ಮಾರ್ಟೆನ್‌ಸೈಟ್ ಆಗುತ್ತೆ, ಹಿಗ್ಗುತ್ತೆ, ಒಳಗಿನ ಸ್ಟ್ರೆಸ್ ಜೊತೆ ಸೇರಿ ಸೀಳುತ್ತೆ. ನಾನು ಟೆಕ್ಸ್ಟ್‌ಬುಕ್ಕಿನಲ್ಲಿ ಓದಿ ಮರೆತಿದ್ದನ್ನ ಮಾವ ಕಾಸು ಕಳ್ಕೊಂಡು ಕಲಿತಿದ್ದರು.

ಗಾಜಿನಲ್ಲೂ ಇದರ ತಮ್ಮ ಒಬ್ಬನಿದ್ದಾನೆ, ನಿಕಲ್ ಸಲ್ಫೈಡ್. ಗಾಜು ಕರಗಿಸೋವಾಗ ಕೂದಲಿನ ದಪ್ಪದಷ್ಟು ಸಣ್ಣ ಕಾಳು ಸೇರಿಕೊಂಡಿದ್ದರೆ, ಟಫನ್ ಮಾಡೋವಾಗ ಅದು ತನ್ನ ಬಿಸಿ ರೂಪದಲ್ಲೇ ಸಿಕ್ಕಿಬೀಳುತ್ತೆ. 379 ಡಿಗ್ರಿಗಿಂತ ಕೆಳಗೆ ಅದು ಇರಬೇಕಾದ ರೂಪ ಬೇರೆ. ವರ್ಷಗಟ್ಟಲೆ ನಿಧಾನವಾಗಿ ಬದಲಾಗಿ, ಗಾತ್ರದಲ್ಲಿ 2ರಿಂದ 4% ಹಿಗ್ಗುತ್ತೆ. ಕಾಳು ಟೆನ್ಷನ್ ವಲಯದಲ್ಲಿದ್ದರೆ ಗಾಜು ತಾನಾಗೇ ಒಡೆಯುತ್ತೆ. ದೊಡ್ಡ ಕಟ್ಟಡಗಳ ಗಾಜನ್ನ ಹೀಟ್ ಸೋಕ್ ಒಲೆಯಲ್ಲಿ ಇಟ್ಟು ಇಂಥ ಗಾಜು ಅಲ್ಲೇ ಒಡೆಯೋ ಹಾಗೆ ಮಾಡೋದು ಇದಕ್ಕೇ. ಆದರೆ ಕಾರಿನ ತೆಳು ಗಾಜಿನ ವಿಷಯದಲ್ಲಿ ಎಲ್ಲದಕ್ಕೂ ನಿಕಲ್ ಸಲ್ಫೈಡ್ ಮೇಲೆ ಗೂಬೆ ಕೂರಿಸೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಹೆಚ್ಚು ಅನುಮಾನ ಪಡಬೇಕಾದ್ದು ಅಂಚಿನ ಹಳೇ ಗಾಯ.

ಅಂಚಿನ ಸುತ್ತ ಕಪ್ಪು ಪಟ್ಟಿ ನೋಡಿರ್ತೀರಿ. ಅದು ಪೇಂಟ್ ಅಲ್ಲ, ಗಾಜಿನ ಪುಡಿ ಮತ್ತು ಬಣ್ಣ ಸೇರಿಸಿ ಅದೇ ಕುಲುಮೆಯಲ್ಲಿ ಬೇಯಿಸಿದ ಸೆರಾಮಿಕ್ ಲೇಪ. ಕೆಳಗಿರೋ ಅಂಟಿಗೆ ಬಿಸಿಲು ತಾಗದಂತೆ ಕಾಯೋದು ಅದರ ಕೆಲಸ. 2013ರಲ್ಲಿ ದಕ್ಷಿಣ ಕೊರಿಯಾದ ವಾಹನ ಪರೀಕ್ಷಾ ಸಂಸ್ಥೆ ಪನೋರಮಿಕ್ ಗಾಜುಗಳನ್ನ ಪರೀಕ್ಷಿಸಿ, ಈ ಲೇಪ ಇರೋ ಭಾಗ ಬರಿ ಗಾಜಿಗಿಂತ ದುರ್ಬಲ ಅಂತ ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆಯ ಮುಂದೆ ವಿಷಯ ಇಟ್ಟಿತು. ಕಾರು ತಯಾರಕರು ಒಪ್ಪಲಿಲ್ಲ, ಚರ್ಚೆ ವರ್ಷಗಟ್ಟಲೆ ನಡೀತು.

ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಹಾಕಿದರೆ ಒಡೆಯುತ್ತಾ? ಲೆಕ್ಕ ಹಾಕೋಣ. ಗಾಜಿನ ಯಂಗ್ಸ್ ಮಾಡ್ಯುಲಸ್ 70 ಗಿಗಾಪ್ಯಾಸ್ಕಲ್, ಹಿಗ್ಗುವಿಕೆಯ ಗುಣಾಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ 9 ಭಾಗ, ವ್ಯತ್ಯಾಸ 40 ಡಿಗ್ರಿ. ಗುಣಿಸಿದರೆ 25 ಮೆಗಾಪ್ಯಾಸ್ಕಲ್, ಎರಡೂ ದಿಕ್ಕಿನ ಬಿಗಿ ಸೇರಿಸಿದರೆ 33ರ ಹತ್ತಿರ. ಪೂರ್ತಿ ಟಫನ್ ಆದ ಗಾಜಿನ ಮೇಲ್ಮೈ ಕಂಪ್ರೆಷನ್ 69ಕ್ಕಿಂತ ಮೇಲಿರುತ್ತೆ. ಆರೋಗ್ಯವಾಗಿರೋ ಗಾಜು ಇದಕ್ಕೆಲ್ಲ ಜಗ್ಗಲ್ಲ. ಆದರೆ ಅಂಚಲ್ಲಿ ಆಗಲೇ ಅರ್ಧ ಮಿಲಿಮೀಟರ್ ಗಾಯ ಇದ್ದರೆ, ಗುಂಡಿಗಳ ಕುಲುಕಾಟ, ಬಿಸಿಲು, ಎಸಿ ಎಲ್ಲ ಸೇರಿ ಉಳಿದ ದೂರ ತಳ್ಳಬಹುದು.

ಕಾರಣ ಹುಡುಕೋದು ಬರೀ ಕುತೂಹಲಕ್ಕಲ್ಲ, ಅದರಲ್ಲಿ ದುಡ್ಡಿದೆ. ವಾರಂಟಿ ಕೇಳಿದರೆ ಸಾಮಾನ್ಯವಾಗಿ “ಹೊರಗಿಂದ ಏನೋ ತಾಗಿದೆ” ಅಂತಾರೆ. ವಿಮೆ ಪಾಲಿಸಿಯಲ್ಲಿ ಆಕಸ್ಮಿಕ ಬಾಹ್ಯ ಕಾರಣ ಅನ್ನೋ ಮಾತಿರುತ್ತೆ, ಆದ್ದರಿಂದ ಅವರು “ಏನು ತಾಗಿತು?” ಅಂತಾರೆ. ನಡುವೆ ನಿಂತಿರೋರು ನಾವು. ಉತ್ತರ ಇರೋದು ಆ ಹರಳುಗಳಲ್ಲೇ. ಬಿರುಕುಗಳೆಲ್ಲ ಒಂದು ಬಿಂದುವಿನಿಂದ ಹೊರಗೆ ಹರಡಿರುತ್ತವೆ. ನಿಕಲ್ ಸಲ್ಫೈಡ್ ಆದರೆ ಆ ಬಿಂದುವಿನಲ್ಲಿ ಚಿಟ್ಟೆಯ ರೆಕ್ಕೆಯಂತೆ ಎರಡು ದೊಡ್ಡ ಚೂರು ಪಕ್ಕಪಕ್ಕ ಇರುತ್ತವೆ, ಅವು ಕೂಡೋ ಗೆರೆಯಲ್ಲಿ ಸಣ್ಣ ಚುಕ್ಕಿ. ಹೊರಗಿನ ಪೆಟ್ಟಾದರೆ ಮೇಲ್ಮೈಯಲ್ಲಿ ಚಿಪ್ಪಿನಾಕಾರದ ಗಾಯ. ನಮ್ಮ ಶೆಡ್ಡಿನ ಹುಡುಗ ಒಳ್ಳೇ ಮನಸ್ಸಿಂದ ಪೊರಕೆ ತಂದು ಅರ್ಧ ಗುಡಿಸೇಬಿಟ್ಟಿದ್ದ! ಪುಣ್ಯಕ್ಕೆ ಎಡ ಮುಂದಿನ ಮೂಲೆ ರಬ್ಬರಿಗೆ ಅಂಟಿಕೊಂಡು ಹಾಗೇ ಉಳಿದಿತ್ತು. ಗೆರೆಗಳೆಲ್ಲ ಅಲ್ಲಿಗೇ ಹೋಗಿ ಸೇರುತ್ತಿದ್ದವು, ಕಪ್ಪು ಪಟ್ಟಿಯ ಮೇಲೆ ಚಿಪ್ಪಿನಂಥ ಒಂದು ಹಳೇ ಗಾಯ, ಅದರೊಳಗೆ ಧೂಳು ಕೂತಿತ್ತು. ಮಾಗಡಿ ಕಡೆಯಿಂದ ಬರೋ ಜಲ್ಲಿ ಟಿಪ್ಪರ್ ಹಿಂದೆ ಮಾವ ದಿನಾ ಓಡಾಡ್ತಾರೆ. ಹತ್ತಿರದಿಂದ, ದೂರದಿಂದ, ಸ್ಕೇಲ್ ಇಟ್ಟು ಫೋಟೊ ತೆಗೆದೆವು. ಸರ್ವೇಯರ್ ಬಂದಾಗ ಮಾತು ಹತ್ತು ನಿಮಿಷದಲ್ಲಿ ಮುಗೀತು.

ವಿಮೆಯ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಝೀರೋ ಡೆಪ್ ಇಲ್ಲದ ಸಾಮಾನ್ಯ ಪಾಲಿಸಿಯಲ್ಲೂ ಗಾಜಿಗೆ ಡಿಪ್ರಿಸಿಯೇಷನ್ ಕಡಿತ ಇಲ್ಲ. ರಬ್ಬರ್ ಮತ್ತು ಪ್ಲಾಸ್ಟಿಕ್ಕಿಗೆ ಮಾತ್ರ 50% ಕಡಿತ. ಹಾಗಾಗಿ ಬಿಲ್ಲಿನಲ್ಲಿ ಗಾಜು, ಬೀಡಿಂಗ್, ಕ್ಲಿಪ್ ಬೇರೆಬೇರೆ ಸಾಲಿನಲ್ಲಿ ಬರೆಸಿ. ಕಡ್ಡಾಯ ಕಡಿತ 1500 ಸಿಸಿ ತನಕ 1000 ರೂಪಾಯಿ, ಅದಕ್ಕೆ ಮೇಲೆ 2000. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. ಸ್ವಂತ ಹಾನಿಯ ಪ್ರೀಮಿಯಂ 14,000 ಇದ್ದು, ಮುಂದಿನ ವರ್ಷ 45% ರಿಯಾಯಿತಿ ಸಿಗೋದಿದ್ದರೆ, ಆ ಒಂದೇ ವರ್ಷಕ್ಕೆ 6300 ರೂಪಾಯಿ ಕಳ್ಕೊಂಡ ಹಾಗೆ, ಮುಂದಿನ ವರ್ಷಗಳದ್ದು ಬೇರೆ. ಪನೋರಮಿಕ್ ಗಾಜಿನ ಬೆಲೆಯ ಮುಂದೆ ಇದು ಚಿಕ್ಕದು. ಬೀಡಿಂಗ್ ಮಾತ್ರ ಹರಿದಿದ್ದರೆ ಕೈಯಿಂದ ಕೊಡೋದೇ ವಾಸಿ.

ಗಾಜು ಒಡೆದ ಕೂಡಲೇ ಸನ್‌ರೂಫ್ ಸ್ವಿಚ್ ಮುಟ್ಟಬೇಡಿ, ಒಳಗಿನ ಪರದೆಯನ್ನೂ ಸರಿಸಬೇಡಿ. ಪರದೆ ಹರಳನ್ನ ಹಿಡಿದಿಟ್ಟಿರುತ್ತೆ. ಸ್ವಿಚ್ ಒತ್ತಿದರೆ ಹರಳೆಲ್ಲ ಹಳಿಗೆ ಬಿದ್ದು ಕೇಬಲ್ ಸಿಕ್ಕಿಕೊಳ್ಳುತ್ತೆ. ಗ್ಯಾರೇಜಿಗೆ ಹೋಗೋವಾಗ ನಿಧಾನ. ಗಂಟೆಗೆ 80 ಕಿಮೀ ವೇಗದಲ್ಲಿ ಬೆಂಗಳೂರಿನ ಗಾಳಿಯ ಡೈನಮಿಕ್ ಪ್ರೆಷರ್ ಸುಮಾರು 270 ಪ್ಯಾಸ್ಕಲ್. ಛಾವಣಿಯ ಮೇಲಿನ ಹೀರುವಿಕೆ ಅದರ ಹತ್ತಿರಕ್ಕೆ ಬಂದರೂ 0.8 ಚದರ ಮೀಟರ್ ಗಾಜನ್ನ 20 ಕೆಜಿಗೂ ಹೆಚ್ಚು ಬಲ ಮೇಲಕ್ಕೆ ಎಳೆಯುತ್ತೆ. ಗಾಜಿನ ತೂಕ 8 ಕೆಜಿ. ಬಿರುಕು ಬಿಟ್ಟು ಇನ್ನೂ ಕೂತಿರೋ ಗಾಜು ಹಿಂದೆ ಬರೋ ಬೈಕಿನವನ ಮುಖಕ್ಕೆ ಹಾರೋದು ಹೀಗೆ. ವೇಗ ಅರ್ಧ ಮಾಡಿದರೆ ಬಲ ಕಾಲು ಭಾಗ.

ಈಗ ಎಡವಟ್ಟಿನ ಕಥೆ. ಹತ್ತಿರದ ಒಂದು ಗ್ಯಾರೇಜಿನ ಮೇಸ್ತ್ರಿ, “ಸ್ಕ್ರೂ ಬಿಚ್ಚೋದು, ಹೊಸದು ಕೂರಿಸೋದು, ಸಂಜೆಗೆ ಗಾಡಿ ತಗೊಂಡು ಹೋಗಿ ಸಾರ್” ಅಂದರು. ಅವರು ಹೇಳಿದ್ದು ಅರ್ಧ ನಿಜ. ಮಾವನ ಕಾರಿನಲ್ಲಿ ಮುಂದಿನ ಗಾಜು ಅಂಟಿನದ್ದಲ್ಲ. ಅಂಚಿಗೆ ಪಾಲಿಯುರೆಥೇನ್ ಎರಕ ಹೊಯ್ದು, ಅದರೊಳಗೆ ಉಕ್ಕಿನ ಬ್ರ್ಯಾಕೆಟ್ ಕೂರಿಸಿ, ಅದನ್ನ ಟಾರ್ಕ್ಸ್ ಸ್ಕ್ರೂಗಳಿಂದ ಮೆಕ್ಯಾನಿಸಂಗೆ ಬಿಗಿದಿರುತ್ತಾರೆ. ಸಂಜೆಗೆ ಗಾಡಿ ಬಂತು. ಮರುದಿನ ರಿಂಗ್ ರೋಡಲ್ಲಿ 60 ದಾಟಿದ ಕೂಡಲೇ ಶಿಳ್ಳೆ. ಮೇ ತಿಂಗಳ ಮೊದಲ ಮಳೆಗೆ ಡ್ರೈವರ್ ಕಾಲಿನ ಹತ್ತಿರ ಮ್ಯಾಟ್ ಒದ್ದೆ.

ಎಲ್ಲರೂ ಗಾಜಿನ ರಬ್ಬರನ್ನ ಬೈದರು. ತಪ್ಪು ಅಲ್ಲಿರಲಿಲ್ಲ. ಸನ್‌ರೂಫಿನ ರಬ್ಬರ್ ನೀರನ್ನ ಪೂರ್ತಿ ತಡೆಯೋಕೆ ಮಾಡಿದ್ದೇ ಅಲ್ಲ. ಸ್ವಲ್ಪ ನೀರು ಒಳಗೆ ಬರುತ್ತೆ, ತೊಟ್ಟಿಯಂಥ ಫ್ರೇಮಿನಲ್ಲಿ ಸೇರಿ, ಮೂಲೆಗಳ ಕೊಳವೆಗಳ ಮೂಲಕ ಪಿಲ್ಲರ್ ಒಳಗಿಂದ ಇಳಿದು ನೆಲಕ್ಕೆ ಹೋಗುತ್ತೆ. ಗ್ಯಾರೇಜಿನ ಹುಡುಗ ಏರ್ ಗನ್ ಹಿಡಿದು ಹರಳನ್ನ ಊದಿದ್ದ. ಊದಿದ ಹರಳು ನೇರ ಎಡ ಬಲ ಮುಂದಿನ ಕೊಳವೆಗಳೊಳಗೆ ಹೋಗಿ ಕೂತಿತ್ತು. ಈ ನೀರು ಹಾಗೇ ನಿಂತಿದ್ದರೆ ಕಾರ್ಪೆಟ್ ಕೆಳಗಿನ ವೈರಿಂಗ್ ಕನೆಕ್ಟರುಗಳೇ ತುಕ್ಕು ಹಿಡಿಯೋದು. ಗಾಜಿಗಿಂತ ದೊಡ್ಡ ಬಿಲ್ ಅದು.

ಎರಡನೇ ಸಲ ಬೇರೆ ಕಡೆ, ಮಾವ ಮತ್ತು ನಾನು ಪಕ್ಕದಲ್ಲೇ ನಿಂತು ಮಾಡಿಸಿದೆವು. ಮೊದಲು ಬ್ಯಾಟರಿ ಕಳಚಿ ಕಾದರು. ಪಿಲ್ಲರಿನ ಟ್ರಿಮ್ ಹಿಂದೆ ಕರ್ಟನ್ ಏರ್‌ಬ್ಯಾಗ್ ಇರುತ್ತೆ. ಊದೋದಿಲ್ಲ, ಬರೀ ವ್ಯಾಕ್ಯೂಮ್. ಹಳಿಯ ಗ್ರೀಸಿಗೆ ಅಂಟಿದ ಹರಳು ವ್ಯಾಕ್ಯೂಮಿಗೂ ಬರಲ್ಲ, ಗ್ರೀಸ್ ಸಮೇತ ಒರೆಸಿ ಹೊಸದು ಹಚ್ಚಿದರು. ಕೊಳವೆಯೊಳಗೆ ಮೆತ್ತನೆ ನೈಲಾನ್ ವೈರ್ ಬಿಟ್ಟು ತೆಗೆದರು. ಆಮೇಲೆ ಪ್ರತಿ ಮೂಲೆಗೂ ಒಂದು ಲೋಟ ನೀರು ಹಾಕಿ, ಕಾರಿನ ಕೆಳಗೆ ಬಗ್ಗಿ, ಅಷ್ಟೂ ನೀರು ಬಂತಾ ಅಂತ ನೋಡಿದೆವು. ಇದನ್ನ ಗಾಜು ಕೂರಿಸೋ ಮುಂಚೆಯೇ ಮಾಡಿಸಿ.

ಶಿಳ್ಳೆಗೆ ಕಾರಣ ಎತ್ತರ. ಗಾಜಿನ ಮುಂದಿನ ಅಂಚು ಛಾವಣಿಗೆ ಸಮ ಇರಬೇಕು ಅಥವಾ ಒಂದು ಕೂದಲೆಳೆ ಕೆಳಗಿರಬೇಕು, ಹಿಂದಿನ ಅಂಚು ಸಮ ಅಥವಾ ಕೂದಲೆಳೆ ಮೇಲೆ. ಆಗ ಗಾಳಿಗೆ ಎದುರು ಮೆಟ್ಟಿಲು ಸಿಗಲ್ಲ. ಮಾವ ಶೆಡ್ಡಿಂದ ಸ್ಟ್ರೇಟ್ ಎಡ್ಜ್, ಫೀಲರ್ ಗೇಜ್ ತಂದು ಅಳೆದರು. ಮೊದಲ ಗ್ಯಾರೇಜಿನವರು ಎಡ ಮುಂಭಾಗವನ್ನ 2 ಮಿಮೀ ಮೇಲೆ ಬಿಟ್ಟಿದ್ದರು. ಸ್ಕ್ರೂಗಳನ್ನ ಸಡಿಲ ಬಿಟ್ಟು, ನಾಲ್ಕೂ ಮೂಲೆ ಹೊಂದಿಸಿ, ಮ್ಯಾನುಯಲ್ ನೋಡಿ ಟಾರ್ಕ್ ಕೊಟ್ಟರು. ಆ ಟಾರ್ಕ್ ಕೆಲವೇ ನ್ಯೂಟನ್ ಮೀಟರ್. ಜಾಸ್ತಿ ಬಿಗಿದರೆ ಬ್ರ್ಯಾಕೆಟ್ ತಿರುಚಿ ಗಾಜಿಗೆ ಸದಾ ಬಾಗುವ ಸ್ಟ್ರೆಸ್ ಉಳಿಯುತ್ತೆ, ಅದೂ ಎಲ್ಲಕ್ಕಿಂತ ದುರ್ಬಲವಾದ ಅಂಚಿನಲ್ಲೇ. ನಿಮ್ಮ ಗಾಜು ಅಂಟಿನದ್ದಾಗಿದ್ದರೆ ಲೆಕ್ಕ ಬೇರೆ: ಯುರೆಥೇನ್ ಅಂಟು ಗಾಳಿಯ ತೇವ ಕುಡಿದು ಗಟ್ಟಿಯಾಗುತ್ತೆ, ಹಾಗಾಗಿ ಒಣ ಮಾರ್ಚಿನಲ್ಲಿ ಮಳೆಗಾಲಕ್ಕಿಂತ ಹೆಚ್ಚು ಹೊತ್ತು ಬೇಕು. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಗಾಡಿ ಅಲುಗಾಡಿಸಬೇಡಿ. ಹೊಸ ಗಾಜಿನ ಮೂಲೆಯಲ್ಲಿ ಐಎಸ್ 2553 ಗುರುತು ಇದೆಯಾ ಅಂತ ಕೂರಿಸೋ ಮುಂಚೆ ನೋಡಿ.

ಕೊನೆಗೆ ಮೋಟಾರಿಗೆ ಹೊಸದಾಗಿ ಪಾಠ ಹೇಳಬೇಕು. ಸ್ವಿಚ್ ಒತ್ತಿ ಹಿಡಿದರೆ ಗಾಜು ಪೂರ್ತಿ ತೆರೆದು ಮುಚ್ಚಿ ತನ್ನ ಎರಡು ತುದಿಗಳನ್ನ ಕಲಿಯುತ್ತೆ. ಇದನ್ನ ಬಿಟ್ಟರೆ ಬೆರಳು ಸಿಕ್ಕಾಗ ಹಿಂದೆ ಸರಿಯೋ ಸುರಕ್ಷತೆ ಸರಿಯಾಗಿ ಕೆಲಸ ಮಾಡಲ್ಲ. ನಾವು ಸುತ್ತಿದ ನ್ಯೂಸ್‌ಪೇಪರ್ ಅಡ್ಡ ಹಿಡಿದು ನೋಡಿದೆವು, ವಾಪಸ್ ಸರಿಯಿತು. ಎರಡನೇ ಸಲದ ಕೆಲಸಕ್ಕೆ ಒಂದೂವರೆ ದಿನ ಹಿಡೀತು. ಅದರಲ್ಲಿ ಗಾಜು ಕೂರಿಸಿದ್ದು ಇಪ್ಪತ್ತು ನಿಮಿಷ.